ಇಗರ್ಜಿ ಪಕ್ಕದ ಶಾಲೆ

ನಮ್ಮ ಕಾರ್ಕಳ ಕಡೆ ಹಳಬರು ಚರ್ಚಿಗೆ ಈಗಲೂ ಇಗರ್ಜಿ ಅನ್ನುತ್ತಾರೆ. ಪೋರ್ಚುಗೀಸರ ಮಾತು, ಕೊಂಕಣಿ ದಾಟಿ ನಮ್ಮ ಬಾಯಿಗೆ ಬಂದದ್ದು. ನಾವು ಕ್ರೈಸ್ತರಲ್ಲ. ಆದರೆ ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಊರಿನ ಇಗರ್ಜಿ ಪಕ್ಕದ ಕನ್ನಡ ಶಾಲೆಯಲ್ಲೇ.

ಹತ್ತಿರದ ಅತ್ತೂರಿನ ಸಂತ ಲಾರೆನ್ಸ್ ಇಗರ್ಜಿ ಶುರುವಾದದ್ದು 1759ರಲ್ಲಿ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಆ ಕಟ್ಟಡ ಉಳಿಯಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಬದುಕುಳಿದವರು ಊರಿಗೆ ಮರಳಿದರು. ಸಂತರ ಮರದ ಮೂರ್ತಿ ಹೊತ್ತು ಜಾಗ ಹುಡುಕುತ್ತಾ ಬಂದವರು ಒಂದು ಕಡೆ ಇಳಿಸಿದರಂತೆ, ಅಲ್ಲೇ ನೀರು ಉಕ್ಕಿತಂತೆ, ಮತ್ತೆ ಮೂರ್ತಿ ಮೇಲೇಳಲೇ ಇಲ್ಲವಂತೆ. ಆ ನೀರಿನ ಜಾಗಕ್ಕೆ ಇವತ್ತಿಗೂ ಪುಷ್ಕರಿಣಿ ಅಂತಲೇ ಹೆಸರು. ಜನವರಿಯ ಅತ್ತೂರು ಸಾಂತ್‌ಮಾರಿಗೆ, ಅಂದರೆ ಆ ಇಗರ್ಜಿಯ ವರ್ಷದ ಜಾತ್ರೆಗೆ, ಕ್ಯಾಂಡಲ್ ಹಿಡಿದು ಸಾಲಿನಲ್ಲಿ ನಿಲ್ಲುವವರು ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ನಮ್ಮಮ್ಮನೂ ಹರಕೆ ಹೇಳಿಕೊಂಡು ಹೋಗುತ್ತಿದ್ದಳು.

ನನಗೆ ಮಾತ್ರ ಇಗರ್ಜಿ ಅಂದರೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್. ಮಾತೆ ಮರಿಯಳ ಹುಟ್ಟುಹಬ್ಬ, ಜೊತೆಗೆ ಹೊಸ ತೆನೆಯ ಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತರಬೇಕು. ನಾನೂ ನಮ್ಮ ಬೇಲಿಯ ದಾಸವಾಳ ಒಯ್ಯುತ್ತಿದ್ದೆ. ಹಬ್ಬದ ದಿನ ಫಾದರ್ ತೆನೆ ಆಶೀರ್ವದಿಸಿ ಮನೆಗೊಂದು ಕೊಡುತ್ತಿದ್ದರು, ಮಕ್ಕಳ ಕೈಗೆ ಒಂದೊಂದು ಕಬ್ಬು. ಅದನ್ನು ಹಲ್ಲಲ್ಲಿ ಸಿಗಿಯುತ್ತಾ ಗದ್ದೆ ಹುಣಿ ಮೇಲೆ ಮನೆಗೆ ನಡೆಯುವುದು. ಗೆಳತಿಯ ಮನೆಯಲ್ಲಿ ಆ ತೆನೆಯ ಭತ್ತ ಸುಲಿದು, ಅಕ್ಕಿ ಕುಟ್ಟಿ, ತೆಂಗಿನ ಹಾಲಿಗೆ ಬೆರೆಸಿ ಎಲ್ಲರಿಗೂ ಹಂಚುತ್ತಿದ್ದರು. ಅವತ್ತು ಮೀನು ಮಾಂಸ ಇಲ್ಲ. ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ತೆನೆ ಕಟ್ಟಿ ಹೊಸಕ್ಕಿ ಊಟ. ಗದ್ದೆ ಒಂದೇ, ಮಳೆ ಒಂದೇ, ಹಬ್ಬ ಮಾತ್ರ ಬೇರೆ ಹೇಗಾಗುತ್ತದೆ ಅಲ್ವಾ?

ಇಷ್ಟೆಲ್ಲ ಬರೆಯುವುದಕ್ಕೆ ಕಾರಣ ಇದೆ. ಆ ಶಾಲೆ ಈಗ ಮುಚ್ಚಿದೆ. ಮಕ್ಕಳಿಲ್ಲ ಅಂದರು. ಅದೇ ವರ್ಷ ಇಗರ್ಜಿಗೆ ಹೊಸ ಗ್ರಾನೈಟ್ ನೆಲ ಬಂತು. ನನಗೆ ಹೊಟ್ಟೆ ಉರಿಯಿತು. ಆದರೆ ತಪ್ಪು ಇಗರ್ಜಿಯವರದ್ದು ಮಾತ್ರ ಅಂದರೆ ಸುಳ್ಳಾಗುತ್ತದೆ. ನಮ್ಮ ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಕಳಿಸಿದ್ದು ನಾವೇ. ಬಂಟರು, ಬಿಲ್ಲವರು, ಬ್ಯಾರಿ ಮುಸ್ಲಿಮರು, ಕ್ರೈಸ್ತರು ಒಂದೇ ಬೆಂಚಲ್ಲಿ ಕೂತ ಜಾಗ ಊರಲ್ಲಿ ಅದೊಂದೇ ಇತ್ತು.

ಹಳೇ ವಿದ್ಯಾರ್ಥಿಗಳು ಮುಂಬೈ, ದುಬೈಯಿಂದ ಇಗರ್ಜಿಗೆ ಧಾರಾಳವಾಗಿ ದುಡ್ಡು ಕಳಿಸುತ್ತೀರಿ. ಅದರಲ್ಲಿ ಸ್ವಲ್ಪ ಶಾಲೆಗೆ ಕೊಡಿ. ಒಂದು ವ್ಯಾನ್, ಇಂಗ್ಲಿಷ್ ಚೆನ್ನಾಗಿ ಕಲಿಸುವ ಇಬ್ಬರು ಟೀಚರ್, ಅಷ್ಟಾದರೆ ಮತ್ತೆ ತೆರೆಯಬಹುದು. ಈ ಮೊಂತಿ ಫೆಸ್ತ್‌ಗೆ ಊರಿಗೆ ಬರುವವರು ಪೂಜೆ ಮುಗಿದ ಮೇಲೆ ಶಾಲೆಯ ಜಗಲಿಗೆ ಬನ್ನಿ. ಫಾದರ್ ಹತ್ತಿರ ಮಾತಾಡಿದ್ದೇನೆ, ಬೀಗದ ಕೈ ಕೊಡುತ್ತಾರೆ.