ಯಾರು ಅಂತ ಭಾವಿಸಿಕೊಳ್ಳಲಿ ಅಂಕಲ್?

ಎಸ್ಸೆಸ್ಸೆಲ್ಸಿ ಪಾಸಾಗಲು ಶೇಕಡಾ 35 ಬೇಡ, 33 ಸಾಕು ಅಂತ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಹೇಳಿತಲ್ಲ, ಅವತ್ತಿನಿಂದ ನಮ್ಮ ಬೀದಿಯಲ್ಲಿ ಮಕ್ಕಳಿಗಿಂತ ಅಪ್ಪಂದಿರೇ ಜಾಸ್ತಿ ಖುಷಿಯಾಗಿದ್ದಾರೆ. 625ಕ್ಕೆ 219 ತೆಗೆಯುವುದೆಲ್ಲಿ, 206 ತೆಗೆಯುವುದೆಲ್ಲಿ! ಹದಿಮೂರು ಅಂಕ ಉಳಿತಾಯ. ಥೇಲ್ಸನ ಪ್ರಮೇಯ, ಹೃದಯದ ಚಿತ್ರ, ಒಂದು ಪತ್ರ, ಮೂರನ್ನೂ ಧಾರಾಳವಾಗಿ ಕೈಬಿಡಬಹುದು.

ಹೃದಯ ಅಂದಾಗ ನೆನಪಾಯಿತು. ಪಾಸಿಂಗ್ ಪ್ಯಾಕೇಜ್ ಗೊತ್ತಲ್ಲ? ಇದಿಷ್ಟು ಉರು ಹೊಡಿ, ಉಳಿದದ್ದು ದೇವರಿಗೆ ಬಿಡು ಅನ್ನುವ ನಾಲ್ಕು ಹಾಳೆ. ಪಕ್ಕದ ಮನೆಯ ಹುಡುಗ ಅದರ ಕೃಪೆಯಿಂದ ಹೃದಯವನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಾನೆ. ನಾಡಿ ಎಲ್ಲಿ ಸಿಗುತ್ತೆ, ಹಿಡಿದು ತೋರಿಸು ಅಂದೆ. 'ಅದು ಪ್ಯಾಕೇಜಲ್ಲಿ ಇಲ್ಲ ಅಂಕಲ್' ಅಂದ. ಪತ್ರ ಬರೆಯುವುದರಲ್ಲಂತೂ ಪಂಟ. ಬೀದಿದೀಪ ಕೆಟ್ಟು ತಿಂಗಳಾಯಿತು, ಪಂಚಾಯ್ತಿಗೆ ಒಂದು ಅರ್ಜಿ ಬರೆದುಕೊಡಪ್ಪಾ ಅಂದರೆ ಪೆನ್ನು ಹಿಡಿದು ಕೂತ, ಎರಡು ನಿಮಿಷ ಯೋಚಿಸಿದ. ಆಮೇಲೆ ಕೇಳಿದ: 'ನನ್ನನ್ನು ಯಾರು ಅಂತ ಭಾವಿಸಿಕೊಳ್ಳಲಿ?'

ಅದಕ್ಕೇ ಪರೀಕ್ಷೆ ಬೇಡ, ಕೈಕೆಲಸ ಕಲಿಸಿ ಅನ್ನುತ್ತಾರೆ ದೊಡ್ಡವರು. ಸ್ವಾಮೀ, ಕೈಕೆಲಸ ಆಗಲೇ ಇದೆ! ಆಂತರಿಕ ಅಂಕ ಅಂತ ಅದಕ್ಕೆ ಹೆಸರು, ವಿಷಯಕ್ಕೆ ಇಪ್ಪತ್ತು, ಪ್ರಥಮ ಭಾಷೆಗೆ ಇಪ್ಪತ್ತೈದು. ಚಟುವಟಿಕೆ, ಪ್ರಾಜೆಕ್ಟು. ನಡೆಯುವುದು ಮಾತ್ರ ಜೆರಾಕ್ಸ್ ಅಂಗಡಿಯಲ್ಲಿ. ಚಿತ್ರ ಅಂಗಡಿಯವನದು, ಥರ್ಮಾಕೋಲ್ ಕೊಯ್ಯುವುದು ಅಪ್ಪ, ಅಂಟಿಸುವುದು ಅಮ್ಮ, ಮಗುವಿನದು ಹೆಸರು ಮತ್ತು ರೋಲ್ ನಂಬರ್. ಇಪ್ಪತ್ತಕ್ಕೆ ಇಪ್ಪತ್ತು ಬೀಳುತ್ತೆ. ಈಗಿನ ನಿಯಮದಲ್ಲಿ ಒಟ್ಟು 33 ಶೇಕಡಾ ಇದ್ದರೆ, ಅದನ್ನೂ ಸೇರಿಸಿ ನೂರರ ಒಂದು ವಿಷಯಕ್ಕೆ 30 ಬಂದರಾಯಿತು. ಅಂದರೆ ಪರೀಕ್ಷೆಯ ಎಂಬತ್ತರಲ್ಲಿ ಹತ್ತು. ಕೌಶಲವೋ ಪರೀಕ್ಷೆಯೋ ಅಂತ ಜಗಳ ಆಡುವವರ ಮುಂದೆ ನಾವು ಎರಡನ್ನೂ ಒಟ್ಟಿಗೆ ಮುಗಿಸಿ ಕೂತಿದ್ದೇವೆ.

ಇಲಾಖೆಯ ಕೌಶಲವನ್ನೂ ಮೆಚ್ಚಬೇಕು. 2023ರಲ್ಲಿ 83.89 ಶೇಕಡಾ ಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿದರು, ನಮ್ಮ ಮಕ್ಕಳು ಇದ್ದಕ್ಕಿದ್ದಂತೆ ದಡ್ಡರಾದರು. ಕೃಪಾಂಕವನ್ನು ಹತ್ತರಿಂದ ಇಪ್ಪತ್ತು ಶೇಕಡಾಗೆ ಏರಿಸಿದರೂ ದಾಟಿದ್ದು 73.40. ಮರುವರ್ಷ ಕೃಪೆ ನಿಂತಿತು, ಫಲಿತಾಂಶ 62.34ಕ್ಕೆ ಇಳಿಯಿತು. ಆಗ ಏನು ಮಾಡಬೇಕು? ಪಾಸಿನ ಗೆರೆಯನ್ನೇ ಇಳಿಸಬೇಕು. ಇಳಿಸಿದರು. ಎಷ್ಟು ಸರಳ ಅಲ್ವಾ!

33ರ ಸುದ್ದಿ ಬಂದ ಆ ದಿನಗಳಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಎಲ್ಲಿದ್ದರು ಗೊತ್ತಾ? ಜಾತಿ ಸಮೀಕ್ಷೆಯ ಆ್ಯಪ್ ಹಿಡಿದು ಮನೆ ಮನೆ ಸುತ್ತುತ್ತಿದ್ದರು. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಪಾಠ ಮಾಡುವವರನ್ನು ಬೀದಿಗೆ ಕಳಿಸಿ, ಪಾಠ ಇಲ್ಲದ ಮಕ್ಕಳಿಗೆ ಶೇಕಡಾ ಎರಡರ ಸಮಾಧಾನ. ಇದರಲ್ಲಿ ನಗಲು ಏನೂ ಇಲ್ಲ, ನನಗೂ ಸಾಕಾಗಿದೆ. ಕಾನ್ವೆಂಟಿನ ಮಗುವಿಗೆ ಆ ಹತ್ತು ದಿನ ಪಾಠ ನಡೆದಿತ್ತು. ಕೂಲಿಯವರ ಮಗುವಿಗೆ ನಡೆಯಲಿಲ್ಲ. ಮಾರ್ಚಿನಲ್ಲಿ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ಬೀದಿದೀಪದ ಅರ್ಜಿ ಕೊನೆಗೆ ನಾನೇ ಬರೆದೆ. ದೀಪ ಇನ್ನೂ ಹತ್ತಿಲ್ಲ. ನನ್ನನ್ನು ಶಾಸಕ ಅಂತ ಭಾವಿಸಿಕೊಂಡು ಬರೆಯಬೇಕಿತ್ತೇನೋ.