ಕಪ್ಪು ಚುಕ್ಕೆಗಳ ಹಿಂದೆ

ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಸಾಲಾಗಿ ಬಂದು ಕೂರುವ ಕಪ್ಪು ಚುಕ್ಕೆಗಳನ್ನು ನೋಡಿದರೆ ಒಳಗೆ ಏನೋ ಭಾರೀ ಗೂಢಲಿಪಿಯ ಕೆಲಸ ನಡೆದಿದೆ ಅನಿಸುತ್ತದೆ. ಅಲ್ಲಿ ಅಂಥದ್ದೇನೂ ನಡೆದಿರುವುದಿಲ್ಲ. ಬೆನ್ನ ಹಿಂದೆ ನಿಂತು ಇಣುಕುವವರಿಗೆ ಅಡ್ಡ ಹಿಡಿದ ಅಂಗೈ ಇದ್ದಂತೆ ಈ ಚುಕ್ಕೆ. ಒತ್ತಿದ ಅಕ್ಷರ ಒಳಗೆ ಇದ್ದ ಹಾಗೇ ಇರುತ್ತದೆ. ಪಕ್ಕದ ಕಣ್ಣಿನ ಗುರುತು ಮುಟ್ಟಿದರೆ ಹೊರಗೆ ಬರುತ್ತದೆ. ಸಾಲದ್ದಕ್ಕೆ ಅಕ್ಷರ ಎಷ್ಟು ಎಂಬುದನ್ನು ಚುಕ್ಕೆಗಳೇ ಎಣಿಸಿ ತೋರಿಸಿಬಿಡುತ್ತವೆ. ಅಕ್ಷರ ಹೊಡೆದೇ ಕಂಪ್ಯೂಟರಿಗೆ ಆದೇಶ ಕೊಡುವ ಯುನಿಕ್ಸ್ ಟರ್ಮಿನಲ್‌ಗಳು ಸಾಮಾನ್ಯವಾಗಿ ಆ ಚುಕ್ಕೆಯನ್ನೂ ತೋರಿಸುವುದಿಲ್ಲ. ಹೊಸಬರು ಕೀಲಿಮಣೆ ಕೆಟ್ಟಿದೆ ಅಂದುಕೊಂಡು ಮೂರು ಮೂರು ಸಲ ಕುಟ್ಟುತ್ತಾರೆ.

ಗೂಢಲಿಪಿ ಅಂದರೆ ಅಕ್ಷರವೇ ಬದಲಾಗಬೇಕು. ಜೂಲಿಯಸ್ ಸೀಸರ್ ಮಾಡುತ್ತಿದ್ದುದು ಬಲು ಸರಳ: ಪ್ರತಿ ಅಕ್ಷರದ ಬದಲಿಗೆ ವರ್ಣಮಾಲೆಯಲ್ಲಿ ಅದರಿಂದ ಮೂರನೆಯದನ್ನು ಬರೆಯುವುದು. ನಮ್ಮ ವ್ಯಂಜನಗಳಲ್ಲಿ ಇದನ್ನು ಆಡಿ ನೋಡಬಹುದು. ಸ್ವರಚಿಹ್ನೆಗಳನ್ನು ಮುಟ್ಟದೆ, ‘ಕ’ ಇದ್ದಲ್ಲಿ ‘ಘ’, ‘ನ’ ಇದ್ದಲ್ಲಿ ‘ಬ’, ‘ಳ’ ಮುಗಿದ ಮೇಲೆ ಮತ್ತೆ ಮೊದಲಿಗೆ ಸುತ್ತಿ ಬರುವುದು. ‘ನಾಳೆ ಬಾ’ ಎಂಬುದು ‘ಬಾಗೆ ಯಾ’ ಆಗುತ್ತದೆ. ಪರವಾಗಿಲ್ಲ, ಗುಟ್ಟು ಗುಟ್ಟಾಗಿಯೇ ಇದೆ ಎನಿಸುತ್ತದೆ. ಆದರೆ ಸ್ವಲ್ಪ ಉದ್ದ ಬರೆಯಿರಿ: ‘ಮನೆಯಲ್ಲಿ’ ಹೋಗಿ ‘ಲಬೆವಷ್ಷಿ’, ‘ಊರಲ್ಲಿ’ ಹೋಗಿ ‘ಊಶಷ್ಷಿ’. ಎರಡು ಸಾಲಿಗೊಮ್ಮೆ ಪದದ ಕೊನೆಯಲ್ಲಿ ‘ಷ್ಷಿ’, ‘ಷ್ಷಿ’ ಎಂದು ಬರುತ್ತಿದ್ದರೆ ಅದು ‘ಲ್ಲಿ’ ಎಂದು ಕನ್ನಡ ಬಲ್ಲ ಯಾರಿಗಾದರೂ ಹೊಳೆದೀತು. ‘ಲ’ ಹೋಗಿ ‘ಷ’ ಆಗಿದೆ, ಅಂದರೆ ಮೂರು ಹೆಜ್ಜೆ. ಮಿಕ್ಕದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಜಾಣತನವೂ ಬೇಕಿಲ್ಲವೆನ್ನಿ. 34 ವ್ಯಂಜನಗಳಿಗೆ ಇರುವುದು 33 ಜರುಗಾಟ, ಒಂದೊಂದನ್ನೇ ಪ್ರಯತ್ನಿಸಿದರೆ ಸಂಜೆಯೊಳಗೆ ಮುಗಿಯುತ್ತದೆ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿಯೇ ಗೂಢಲಿಪಿ ಒಡೆಯುವ ಉಪಾಯವನ್ನು 9ನೇ ಶತಮಾನದಲ್ಲೇ ಬಾಗ್ದಾದಿನ ಪಂಡಿತ ಅಲ್-ಕಿಂದಿ ಬರೆದಿಟ್ಟಿದ್ದ.

ಸೀಸರನ ತೊಂದರೆ ಏನೆಂದರೆ, ಹೇಗೆ ಬರೆಯುತ್ತಾನೆ ಎಂಬುದೇ ಅವನ ಗುಟ್ಟು. ಅದು ಒಬ್ಬನ ಬಾಯಿಂದ ಜಾರಿದರೆ ಎಲ್ಲ ಪತ್ರಗಳೂ ಬಯಲು. 1883ರಲ್ಲಿ ಆಗಸ್ಟ್ ಕೆರ್ಕ್‌ಹಾಫ್ಸ್ ಎಂಬ ಭಾಷಾಶಾಸ್ತ್ರಜ್ಞ ಇದನ್ನು ತಿರುವಿ ಹಾಕಿದ: ಯಂತ್ರ, ವಿಧಾನ ಎಲ್ಲ ಶತ್ರುವಿನ ಕೈಗೆ ಸಿಕ್ಕರೂ ಚಿಂತೆಯಿಲ್ಲದಂತಿರಬೇಕು, ಕೀಲಿಯೊಂದು ಮಾತ್ರ ಗುಟ್ಟಾಗಿರಬೇಕು. ಇಂದಿಗೂ ಈ ಕಸುಬಿನವರು ಮೊದಲು ಕಲಿಯುವ ಪಾಠಗಳಲ್ಲಿ ಇದೊಂದು. 2001ರಲ್ಲಿ ಅಮೆರಿಕ ಮಾನಕವಾಗಿ ಹೊರತಂದ ಎಇಎಸ್ ಎಂಬ ಗೂಢಲಿಪಿ ವಿಧಾನದ ಒಂದೊಂದು ಹೆಜ್ಜೆಯೂ ಎಲ್ಲರಿಗೂ ತೆರೆದಿದೆ. ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ, ಅತಿ ಚಿಕ್ಕದಾದರೆ 128 ಬಿಟ್, ಅಂದರೆ 16 ಬೈಟ್. ‘ನಮ್ಮ ಗೂಢಲಿಪಿ ವಿಧಾನವೇ ರಹಸ್ಯ, ಅದಕ್ಕೇ ಭದ್ರ’ ಎಂದು ಯಾರಾದರೂ ಮಾರಲು ಬಂದರೆ ನಮಸ್ಕಾರ ಹೇಳಿ ಬಾಗಿಲು ಹಾಕಿಕೊಳ್ಳುವುದು ವಾಸಿ.

ಗೂಢಲಿಪಿ ಗುಟ್ಟನ್ನು ಇಲ್ಲವಾಗಿಸುವುದಿಲ್ಲ, ಕುಗ್ಗಿಸುತ್ತದೆ. ಸಾವಿರ ಪುಟದ ಚಿಂತೆಯನ್ನು ಹಿಂಡಿ 16 ಬೈಟಿಗೆ ಇಳಿಸುತ್ತದೆ. ಆ 16 ಬೈಟನ್ನು ಎಲ್ಲಿಡುವುದು? ನೆನಪಿಟ್ಟುಕೊಳ್ಳುವಂಥದ್ದಲ್ಲವಾದ್ದರಿಂದ ಅದಕ್ಕೊಂದು ಪಾಸ್‌ವರ್ಡ್. ಕೊನೆಗೆ ಭಾರವೆಲ್ಲ ಬಂದು ಬೀಳುವುದು ಆ ಚುಕ್ಕೆಗಳ ಹಿಂದಿನ ನಾಲ್ಕಕ್ಷರದ ಮೇಲೆ.

ಆ ನಾಲ್ಕಕ್ಷರ ಜಾಲತಾಣದವರ ಹತ್ತಿರವೂ ಇರಬೇಕಲ್ಲ, ಇಲ್ಲದಿದ್ದರೆ ಸರಿಯೋ ತಪ್ಪೋ ಹೇಗೆ ಹೇಳುತ್ತಾರೆ? 1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಟಿಎಸ್ಎಸ್ ಎಂಬ ಹಂಚಿಕೆಯ ಕಂಪ್ಯೂಟರಿನಲ್ಲಿ ಎಲ್ಲರ ಪಾಸ್‌ವರ್ಡ್‌ಗಳೂ ಒಂದು ಕಡತದಲ್ಲಿ ಇದ್ದ ಹಾಗೇ ಕೂತಿದ್ದವು. ಒಂದು ದಿನ ಒಬ್ಬ ನಿರ್ವಾಹಕರು ಆ ಕಡತವನ್ನೂ ಇನ್ನೊಬ್ಬರು ‘ಇಂದಿನ ಸೂಚನೆ’ಯನ್ನೂ ಒಟ್ಟಿಗೇ ತಿದ್ದುತ್ತಿದ್ದರು. ತಿದ್ದುವ ತಂತ್ರಾಂಶ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸುತ್ತಿತ್ತು. ಎರಡೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಆ ದಿನದ ಸೂಚನೆಯ ಬದಲು ಊರವರೆಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು.

ಈಗಿನ ಕ್ರಮದಲ್ಲಿ ಪಾಸ್‌ವರ್ಡನ್ನೇ ಇಡುವುದಿಲ್ಲ, ಅದರ ಹ್ಯಾಶ್ ಇಡುತ್ತಾರೆ. ಹ್ಯಾಶ್ ಅಂದರೆ ಹಿಂದಕ್ಕೆ ತಿರುಗದ ಲೆಕ್ಕ. ಏನನ್ನೇ ಕೊಟ್ಟರೂ ನಿಗದಿತ ಉದ್ದದ ಉತ್ತರ ಬರುತ್ತದೆ, ಉತ್ತರದಿಂದ ಪ್ರಶ್ನೆಗೆ ದಾರಿಯಿಲ್ಲ. ನೀವು ಹೊಡೆದದ್ದನ್ನು ಮತ್ತೆ ಅದೇ ಲೆಕ್ಕಕ್ಕೆ ಹಾಕಿ ಎರಡು ಉತ್ತರಗಳನ್ನು ತಾಳೆ ನೋಡುತ್ತಾರೆ. ಆದರೆ ಇಬ್ಬರದೂ ಒಂದೇ ಪಾಸ್‌ವರ್ಡ್ ಆದರೆ ಹ್ಯಾಶ್ ಕೂಡ ಒಂದೇ, ಒಂದನ್ನು ಕಂಡುಹಿಡಿದರೆ ಎರಡೂ ಹೋದಂತೆ. ಅದಕ್ಕೆ ಪ್ರತಿಯೊಬ್ಬರ ಪಾಸ್‌ವರ್ಡಿಗೂ ಬೇರೆ ಬೇರೆ ಯಾದೃಚ್ಛಿಕ ತುಣುಕು ಬೆರೆಸಿ ಹ್ಯಾಶ್ ಮಾಡುತ್ತಾರೆ. ಅದರ ಹೆಸರು ಸಾಲ್ಟ್, ಉಪ್ಪೇ. ಉಪ್ಪಿಗಿಂತ ರುಚಿಯಿಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ‘ಪಾಸ್‌ವರ್ಡ್ ಮರೆತೆ’ ಎಂದಾಗ ಹೊಸದನ್ನು ಮಾಡಿಕೊಳ್ಳಲು ಹೇಳದೆ, ನಿಮ್ಮ ಹಳೆಯದನ್ನೇ ಮೇಲ್‌ನಲ್ಲಿ ಕಳಿಸಿಕೊಡುವ ತಾಣ ಕಂಡರೆ ಎಚ್ಚರ. ಅವರಿಗೆ ಅದನ್ನು ಓದಲು ಬರುತ್ತದೆ.

ಹ್ಯಾಶ್ ಪಟ್ಟಿ ಕದ್ದವನು ಹಿಂದಕ್ಕೆ ಬಿಡಿಸಲು ಹೋಗುವುದಿಲ್ಲ, ಊಹಿಸಿ ಊಹಿಸಿ ಹ್ಯಾಶ್ ಮಾಡುತ್ತಾನೆ. ಎಂಡಿ5ನಂಥ ಹಳೆಯ, ವೇಗದ ಹ್ಯಾಶ್ ಆದರೆ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 6,000 ಕೋಟಿ ಊಹೆ ಮಾಡೀತು. ಕೀಲಿಮಣೆಯ 95 ಚಿಹ್ನೆಗಳಿಂದ ಕಣ್ಣುಮುಚ್ಚಿ ಆರಿಸಿದ 8 ಚಿಹ್ನೆಗಳ ಪಾಸ್‌ವರ್ಡಿಗೆ ಇರುವ ಸಾಧ್ಯತೆಗಳು ಸುಮಾರು 6,634 ಲಕ್ಷ ಕೋಟಿ. ಕೇಳಲು ದೊಡ್ಡದು, ಆದರೆ ಆ ಕಾರ್ಡಿಗೆ 31 ಗಂಟೆಯ ಕೆಲಸ. ಅದಕ್ಕೇ ಬಿಕ್ರಿಪ್ಟ್, ಆರ್ಗಾನ್2ನಂಥ ಬೇಕೆಂದೇ ನಿಧಾನ ಮಾಡಿದ ಹ್ಯಾಶ್‌ಗಳು ಬಂದಿವೆ. ಇಷ್ಟು ಆಲಸಿಯಾಗಿರಲೆಂದೇ ಶ್ರಮಪಟ್ಟು ಬರೆದ ತಂತ್ರಾಂಶ ಬೇರೆ ಇರಲಿಕ್ಕಿಲ್ಲ.

ನಮ್ಮ ಕಡೆಯಿಂದ ಮಾಡಬೇಕಾದದ್ದು ಉದ್ದ ಹೆಚ್ಚಿಸುವುದು. ‘ಎ’ ಬದಲು @, ‘ಓ’ ಬದಲು ಸೊನ್ನೆ, ಕೊನೆಗೊಂದು 1 ಎಂಬ ಜಾಣ್ಮೆಯೆಲ್ಲ ಊಹೆಯ ತಂತ್ರಾಂಶಗಳಿಗೆ ಬಾಯಿಪಾಠ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದು ಒತ್ತಾಯಿಸಿದರೆ ಜನ ಆ 1ನ್ನು 2 ಮಾಡುತ್ತಾರೆ, ಅಷ್ಟೇ. ಚಿಹ್ನೆ, ಅಂಕಿ ಇರಲೇಬೇಕು ಎಂಬುದು, ಆಗಾಗ ಬದಲಿಸಲೇಬೇಕು ಎಂಬುದು, ಈ ಎರಡೂ ಒತ್ತಾಯ ಬೇಡ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ಹೇಳಿತು. ಕಚೇರಿಗಳಿಗೆ ಸುದ್ದಿ ಇನ್ನೂ ತಲುಪುತ್ತಲೇ ಇದೆ.

ದಾಳದ ವಿಧಾನ ಒಳ್ಳೆಯದು. 7,776 ಪದಗಳ ಪಟ್ಟಿಯಲ್ಲಿ ಪ್ರತಿ ಪದಕ್ಕೂ 11111ರಿಂದ 66666ರವರೆಗೆ, ಒಂದರಿಂದ ಆರರ ಅಂಕಿಗಳಷ್ಟೇ ಇರುವ ಐದಂಕಿಯ ಸಂಖ್ಯೆ ಇರುತ್ತದೆ. ದಾಳ ಐದು ಸಲ ಉರುಳಿಸಿ ಬಿದ್ದದ್ದನ್ನು ಬರೆದುಕೊಂಡರೆ ಒಂದು ಪದ. ಹೀಗೆ ಆರು ಪದ ಕೂಡಿಸಿದರೆ ಸಾಧ್ಯತೆಗಳು ಎರಡರ ಮುಂದೆ 23 ಸೊನ್ನೆ ಇಟ್ಟಷ್ಟನ್ನು ಮೀರುತ್ತವೆ. ಮೇಲಿನ ಅದೇ ಕಾರ್ಡಿಗೆ ಒಂದು ಲಕ್ಷ ವರ್ಷಕ್ಕೂ ಹೆಚ್ಚಿನ ದುಡಿಮೆ. ಇದು ಕೆಡುವುದು ಒಂದೇ ಕಡೆ: ಬಿದ್ದ ಪದ ಚೆನ್ನಾಗಿಲ್ಲವೆಂದು ಮತ್ತೆ ಉರುಳಿಸಿದಾಗ. ಆಗ ಆರಿಸುವುದು ದಾಳವಲ್ಲ, ನಿಮ್ಮ ರುಚಿ; ರುಚಿಯನ್ನು ಊಹಿಸಬಹುದು.

ಆರಂಕಿಯ ಓಟಿಪಿ ತೋರಿಸುವ ಆಪ್‌ನದು ಇನ್ನೊಂದು ಸೊಗಸು. ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಚಿತ್ರದೊಳಗೆ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು 30 ಸೆಕೆಂಡುಗಳ ಕಂತು ಕಳೆದಿವೆ ಎಂಬುದನ್ನು ಆ ಗುಟ್ಟಿನ ಜೊತೆ ಹ್ಯಾಶ್ ಮಾಡಿ, ಸಿಕ್ಕಿದ್ದರಿಂದ ಆರಂಕಿ ಕೊಯ್ದುಕೊಳ್ಳುತ್ತದೆ. ಆ ಕಡೆ ಸರ್ವರ್ ಕೂಡ ಅದನ್ನೇ ಮಾಡುತ್ತದೆ. ಹಾಗಾಗಿ ಇದಕ್ಕೆ ಸಿಗ್ನಲ್ ಬೇಡ, ಗಡಿಯಾರ ಸರಿ ಇದ್ದರೆ ಸಾಕು. ಫೋನಿನ ಸಮಯ ಎರಡು ನಿಮಿಷ ಹಿಂದೆ ಬಿದ್ದಿದ್ದರೆ ಪ್ರತಿ ಸಂಖ್ಯೆಯೂ ತಪ್ಪು. ಜನ ಆಪ್ ಅಳಿಸಿ ಮತ್ತೆ ಹಾಕಿ, ಇದ್ದ ಗುಟ್ಟನ್ನೂ ಕಳೆದುಕೊಳ್ಳುತ್ತಾರೆ. ನಕಲಿ ಪುಟದಲ್ಲಿ ಈ ಆರಂಕಿ ಹೊಡೆದರೆ ಕಳ್ಳ ಆ ಅರ್ಧ ನಿಮಿಷದಲ್ಲೇ ಅಸಲಿಯಲ್ಲಿ ಹೊಡೆಯುತ್ತಾನೆ. ಪಾಸ್‌ವರ್ಡಿನ ಬದಲು ಫೋನೋ ಕಂಪ್ಯೂಟರೋ ತಾನೇ ಇಟ್ಟುಕೊಳ್ಳುವ ಕೀಲಿ, ಅಂದರೆ ಪಾಸ್‌ಕೀ, ಈ ಮೋಸಕ್ಕೆ ಸಿಗುವುದಿಲ್ಲ, ಏಕೆಂದರೆ ಅದು ತಾಣದ ವಿಳಾಸಕ್ಕೇ ಗಂಟು ಹಾಕಿಕೊಂಡಿರುತ್ತದೆ.

ಉಳಿದ ನೂರು ಪಾಸ್‌ವರ್ಡ್‌ಗಳನ್ನು ಪಾಸ್‌ವರ್ಡ್ ಮ್ಯಾನೇಜರ್ ಎಂಬ ತಂತ್ರಾಂಶಕ್ಕೆ ಒಪ್ಪಿಸಬಹುದು. ಅದಕ್ಕೊಂದು ತಾಯಿ ಪಾಸ್‌ವರ್ಡ್ ಇರುತ್ತದೆ, ದಾಳ ಉರುಳಿಸಬೇಕಾದದ್ದು ಅದಕ್ಕೆ. ಒಳ್ಳೆಯ ಮ್ಯಾನೇಜರ್ ಆದರೆ ಮರೆತವರಿಗೆ ಮಾಡಿದವರೂ ಸಹಾಯ ಮಾಡಲಾರರು, ಅವರ ಬಳಿಯೂ ಕೀಲಿಯಿರುವುದಿಲ್ಲ. ಹಾಗಾಗಿ ತಾಯಿ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡಿ. ಕಾಗದ ಎಂದರೆ ಮೂಗು ಮುರಿಯುವವರು ಬಹಳ. ಆದರೆ ದೂರದಲ್ಲಿ ಕೂತು ಕನ್ನ ಹಾಕುವವನ ಕೈ ಕಪಾಟಿನೊಳಗಿನ ಲಕೋಟೆಗೆ ಎಟುಕುವುದಿಲ್ಲ. ಫೋಟೋ ತೆಗೆದು ಫೋನಿನಲ್ಲಿಟ್ಟರೆ ಎಟುಕುತ್ತದೆ. ಬರೆಯುವಾಗ ಹಾಳೆಯನ್ನು ನೋಟ್‌ಬುಕ್ಕಿನಿಂದ ಹರಿದು, ಬರಿ ಮೇಜಿನ ಮೇಲಿಟ್ಟು ಬರೆಯಿರಿ. ಬಾಲ್‌ಪೆನ್ ಒತ್ತಿದ್ದು ಕೆಳಗಿನ ಹಾಳೆಯ ಮೇಲೆ ಅಚ್ಚಾಗಿ ಮೂಡುತ್ತದೆ, ಪೆನ್ಸಿಲ್ ಉಜ್ಜಿದರೆ ಪೂರಾ ಓದಲು ಬರುತ್ತದೆ.