ರೋಹಿಣಿ ಮಳೆಯಲ್ಲಿ ಪವರ್‌ಪಾಯಿಂಟ್

ಕೂರಿಗೆ ಭತ್ತ ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ, ಇದು ಕೆಸರುಗದ್ದೆ, ನಾಟಿ ಹಾಡು ಅಂತ ಕ್ಯಾಲೆಂಡರಿನಲ್ಲಿ ಬರುವ ಭತ್ತ ಅಲ್ಲ. ಕಲಘಟಗಿ, ಅಳ್ನಾವರ, ಖಾನಾಪುರ, ಹಳಿಯಾಳ, ಮುಂಡಗೋಡದ ಕಡೆ ಒಣ ಹೊಲದಲ್ಲೇ, ಜೋಳ ಬಿತ್ತಿದ ಹಾಗೆ, ಸಾಲಿನಲ್ಲಿ ಬೀಜ ಉದುರಿಸುವ ಕೂರಿಗೆ ಹಿಡಿದು ಭತ್ತ ಬಿತ್ತುತ್ತಾರೆ. ಆಮೇಲೆ ಎಲ್ಲ ಮಳೆರಾಯನ ಕೈಯಲ್ಲಿ. ಬಿತ್ತನೆಗೆ ಸಿಗುವುದು ಮೇ ಕೊನೆ, ಜೂನ್ ಮೊದಲಿಗೆ ಬರುವ ರೋಹಿಣಿ ಮಳೆಯ ಆಚೀಚೆ ಕೆಲವೇ ದಿನ. ಹದ ತಪ್ಪಿತೋ, ಭತ್ತಕ್ಕಿಂತ ಮೊದಲು ಕಳೆ ಎದ್ದು ನಿಲ್ಲುತ್ತದೆ, ಮನೆಮಂದಿಯೆಲ್ಲ ಎಡೆ ಹೊಡೆಯುತ್ತಾ (ಸಾಲುಗಳ ನಡುವೆ ಕುಂಟೆ ಎಳೆಯುತ್ತಾ) ಕಳೆ ಕೀಳುತ್ತಾ ಸೊಂಟ ಹಿಡಿದುಕೊಂಡು ಓಡಾಡಬೇಕು.

ಈಗ ಹೇಳಿ, ಈ ರೈತರಿಗೆ ಸಂಶೋಧನೆಯ ಫಲ ಹಂಚುವ ಸಭೆ ಯಾವಾಗ ಇಡಬೇಕು?

ಸರಿಯಾಗಿ ಹೇಳಿದಿರಿ. ರೋಹಿಣಿ ಮಳೆಯಲ್ಲಿ.

ಇದು ಒಂದು ತಾಲೂಕಿನ ಕಥೆ ಅಂದುಕೊಳ್ಳಬೇಡಿ. 2025ರಲ್ಲಿ ವಿಜ್ಞಾನಿಗಳನ್ನೆಲ್ಲ ಹಳ್ಳಿಗೆ ಕಳಿಸಲು ಕೇಂದ್ರ ಸರ್ಕಾರ 'ವಿಕಸಿತ ಕೃಷಿ ಸಂಕಲ್ಪ ಅಭಿಯಾನ' ಮಾಡಿತಲ್ಲ, ಅದರ ದಿನಾಂಕ ಮೇ 29ರಿಂದ ಜೂನ್ 12. ಮುಂಗಾರು ಬಿತ್ತನೆಗೆ ಮೊದಲೇ ರೈತರನ್ನು ಮುಟ್ಟಬೇಕು ಅನ್ನುವ ಒಳ್ಳೆಯ ಉದ್ದೇಶ. ದಿಲ್ಲಿಗೆ ಮಳೆ ಬರುವುದೇ ಜೂನ್ ಕೊನೆಗೆ, ಅಲ್ಲಿಂದ ನೋಡಿದರೆ ಟೈಮ್ ಬೇಕಾದಷ್ಟಿದೆ. ನಮ್ಮ ಪಂಚಾಂಗದಲ್ಲಿ ಮಾತ್ರ ಅದು ರೋಹಿಣಿ ಮುಗಿದು ಮಿರಗ, ಅಂದರೆ ಮೃಗಶಿರಾ ಮಳೆ, ಹುಟ್ಟುವ ಹೊತ್ತು.

ನಾನು ಕೂತಿದ್ದ ಸಭೆ ಬೇರೆಯದು, ಚಿಕ್ಕದು. ಯಾರು ಮಾಡಿದ್ದು ಅಂತ ಹೇಳಲ್ಲ, ಊಟ ಚೆನ್ನಾಗಿ ಹಾಕಿದ್ದಾರೆ. ತಾಲೂಕಿನ ಒಂದು ಸಭಾಭವನ, ವೇದಿಕೆ ತುಂಬ ದೊಡ್ಡ ಫ್ಲೆಕ್ಸ್: 'ಪ್ರಯೋಗಾಲಯದಿಂದ ಹೊಲಕ್ಕೆ'. ಈ ಹೆಸರಿನಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ಕಾರ್ಯಕ್ರಮ ಶುರು ಮಾಡಿದ್ದು 1979ರಲ್ಲಿ. ಹೊರಟು 45 ವರ್ಷ ದಾಟಿತು, ಇನ್ನೂ ಹೊಲ ಸಿಕ್ಕಿಲ್ಲ ಅಂದರೆ ದಾರಿಯಲ್ಲಿ ಚಹಾ ಜಾಸ್ತಿ ಆಗಿರಬೇಕು.

ದೀಪ ಹಚ್ಚಿದ್ದಾಯಿತು, ಆ ಸೆಕೆಯಲ್ಲಿ ಐದು ಜನಕ್ಕೆ ಶಾಲು ಹೊದಿಸಿದ್ದಾಯಿತು, ರೈತಗೀತೆಯೂ ಆಯಿತು. ಆಮೇಲೆ ಲೈಟ್ ಆರಿಸಿ ಗೋಡೆ ಮೇಲೆ ಇಂಗ್ಲಿಷಿನ ಗ್ರಾಫ್ ಬಿಟ್ಟರು. ನಿರೂಪಕರು ಕನ್ನಡ ಮಾಡಿದರು: "ಅಂದರೆ ರೈತ ಬಾಂಧವರೇ, ಟಿ-3 ಟ್ರೀಟ್‌ಮೆಂಟಿನಲ್ಲಿ ಈಲ್ಡು ಸಿಗ್ನಿಫಿಕೆಂಟಾಗಿ ಬಂದಿದೆ!" ಚಪ್ಪಾಳೆ ಬಿತ್ತು. ಬಡಿದವರಲ್ಲಿ ನಾನೂ ಒಬ್ಬ.

ಟಿ-3 ಏನು ಅಂತ ತಡವಾಗಿ ತಿಳಿಯಿತು. ಸರಿಯಾದ ಹೊತ್ತಿಗೆ ಎರಡು ಸಲ ಎಡೆ ಹೊಡೆದು, ಉಳಿದ ಕಳೆಯನ್ನು ಕೈಯಲ್ಲಿ ಕಿತ್ತರೆ ಭತ್ತ ಜಾಸ್ತಿ ಬರುತ್ತದಂತೆ. ನನ್ನ ಪಕ್ಕ ಕೂತಿದ್ದ ಅಜ್ಜ ಮೆಲ್ಲಗೆ ಅಂದ, "ಹೋದ ವರ್ಷ ಇವರು ಕೇಳಾಕ ಬಂದಾಗ ಇದನ್ನ ನಾನs ಹೇಳಿದ್ನಿಲ್ರಿ?" ಅಜ್ಜ ಹೇಳಿದ್ದನ್ನು ಬರೆದುಕೊಂಡು, ಅಳೆದು, ತೂಗಿ, ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿ ಅಜ್ಜನಿಗೇ ಹಂಚುವುದು. ಅವನ ಮನೆಯ ಮೊಸರು ಕಡೆದು, ಅವನಿಗೇ ಒಂದು ಲೋಟ ಮಜ್ಜಿಗೆ ಕೊಟ್ಟು, ಬೆಣ್ಣೆಯಲ್ಲಿ ಪಿಎಚ್‌ಡಿ ಮಾಡಿಕೊಂಡ ಹಾಗೆ.

ಎಲ್ಲರೂ ಹೀಗೇ ಅಂದರೆ ತಪ್ಪಾಗುತ್ತದೆ. ಜಾರ್ಖಂಡದ ಹಜಾರಿಬಾಗಿನಲ್ಲಿ ಮಳೆ ನಂಬಿದ ಎತ್ತರದ ಹೊಲಗಳ ಭತ್ತಕ್ಕೆಂದೇ ಒಂದು ಸಂಶೋಧನಾ ಕೇಂದ್ರ ಇದೆ. ಅಲ್ಲಿಯವರು ತಳಿ ಆರಿಸುವಾಗ ರೈತರ ಹೊಲದಲ್ಲೇ ಬೆಳೆದು ನೋಡಿ, ರೈತರನ್ನೂ ಕೇಳಿದರು. ಬರ ತಡೆಯುವ, ಸುಮಾರು 105 ದಿನಕ್ಕೆ ಕೊಯ್ಲಿಗೆ ಬರುವ ತಳಿ 2010ರಲ್ಲಿ ಬಿಡುಗಡೆ ಆಯಿತು. ಹೆಸರು 'ಸಹಭಾಗಿ ಧಾನ್'. ನೋಡಿ, ಬೆಳೆಯುವವನನ್ನು ಒಂದು ಮಾತು ಕೇಳುವುದು ಎಷ್ಟು ಅಪರೂಪ ಅಂದರೆ, ಕೇಳಿದ ಖುಷಿಗೆ ತಳಿಗೆ ಅದೇ ಹೆಸರು ಇಟ್ಟುಬಿಟ್ಟರು!

ನಮ್ಮ ಸಭೆಯಲ್ಲೂ ಕೇಳಿದರು. ಕೊನೆಗೆ ಒಂದು ಫಾರಂ ಬಂತು, 'ಇಂದಿನ ಮಾಹಿತಿ ನಿಮಗೆ: ಅ) ತುಂಬಾ ಉಪಯುಕ್ತ, ಆ) ಉಪಯುಕ್ತ, ಇ) ಸಾಕಷ್ಟು ಉಪಯುಕ್ತ'. ನಾಲ್ಕನೆಯದು ಇರಲಿಲ್ಲ. ಅಜ್ಜ ಕನ್ನಡಕ ತಂದಿರಲಿಲ್ಲ, ಮೂರಕ್ಕೂ ರೈಟ್ ಹಾಕಿ ಕೊಟ್ಟ.

ಅಷ್ಟರಲ್ಲಿ ಹೊರಗೆ ತಗಡಿನ ಮೇಲೆ ಪಟಪಟ ಸದ್ದು ಶುರುವಾಯಿತು. ಹಿಂದಿನ ಸಾಲಿನವರೆಲ್ಲ ಒಂದೇ ಸಲ ಕಿಟಕಿ ಕಡೆ ತಿರುಗಿದರು. ಅಜ್ಜ ಎದ್ದು ಕೈಮುಗಿದ, "ಸಾಹೇಬ್ರ, ಮಳಿ ಬಂತ್ರಿ. ಕೂರಿಗಿ ಹೂಡಬೇಕು, ಹೋಗ್ಲೇನ್ರಿ?"

"ಕೂಡ್ರಿ ಯಜಮಾನ್ರೇ, ಗ್ರೂಪ್ ಫೋಟೋ ಒಂದು ಆಗ್ಲಿ. ರೈತರು ಮುಂದೆ ಇರಬೇಕು."

ಫೋಟೋ ಆಯಿತು. ಸಾಹೇಬರ ಕಾರುಗಳು ಹೋದವು. ಫ್ಲೆಕ್ಸ್ ಬಿಚ್ಚುತ್ತಿದ್ದ ಹುಡುಗನ ಹತ್ತಿರ ಅಜ್ಜ ಏನೋ ಮಾತಾಡಿ, ಅದನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಮಳೆಯಲ್ಲೇ ಹೊರಟ.

ಆಮೇಲೆ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಕಂಡಿತು. ಅಜ್ಜನ ಹೊಲದ ಬದುವಿನ ಮೇಲೆ ಹುಲ್ಲಿನ ಬಣವೆ, ಅದರ ಮೇಲೆ 'ಪ್ರಯೋಗಾಲಯದಿಂದ ಹೊಲಕ್ಕೆ', ನಾಲ್ಕು ಮೂಲೆಗೂ ಕಲ್ಲು ಕಟ್ಟಿದ್ದ. ಒಂದು ಹನಿಯೂ ಇಳಿದಿಲ್ಲ ಅಂದ. ಮುಂದಿನ ಸಭೆ ಯಾವಾಗ ಅಂತಲೂ ವಿಚಾರಿಸಿದ, ದನದ ಕೊಟ್ಟಿಗೆಗೂ ಒಂದು ಬೇಕಾಗಿತ್ತಂತೆ.